ಮೂರನೆಯ ಸೂಜಿ

ಹತ್ತು ವರ್ಷಗಳ ಹಿಂದೆ ಒಂದು ರಾತ್ರಿ, ನಾನು ಓದದೆಯೇ ಒಂದು ಕಾಗದಕ್ಕೆ ಸಹಿ ಹಾಕಿದೆ. ಬೇರೆ ಜಿಲ್ಲೆಯ ಒಂದು ಆಸ್ಪತ್ರೆಯ ಐಸಿಯು ಬಾಗಿಲು. ಒಳಗೆ ನನ್ನ ಸೋದರಮಾವ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಕೆಟ್ಟು, ನಂಜು ಮೈಗೇರಿ, ಬಿ.ಪಿ. ಕುಸಿದುಹೋಗಿತ್ತು. ಹಸಿರು ಬಟ್ಟೆಯ ಯುವ ವೈದ್ಯರೊಬ್ಬರು ಹೊರಗೆ ಬಂದು, "ಸೆಂಟ್ರಲ್ ಲೈನ್ ಹಾಕಬೇಕ್ರಿ. ದೊಡ್ಡ ನರಕ್ಕ ಒಂದು ಸೂಜಿ. ಇಲ್ಲಿ ಸಹಿ ಮಾಡ್ರಿ" ಅಂದರು. ಕಾಗದ ಇಂಗ್ಲಿಷಿನಲ್ಲಿತ್ತು. ಎರಡೂ ಬದಿ ತುಂಬ ಸಣ್ಣ ಅಕ್ಷರ. ಪಕ್ಕದಲ್ಲಿದ್ದ ಅತ್ತಿ ನನ್ನ ತೋಳು ಹಿಡಿದು, "ತಮ್ಮಾ, ಏನ್ ಬರದಾರ ಅದ್ರಾಗ? ನರಕ್ಕ ಸೂಜಿ ಚುಚ್ಚಿದ್ರ ಕೈಕಾಲು ಹೋಗ್ತಾವೇನು?" ಎಂದು ಕೇಳಿದಳು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮಾಸ್ತರ, ಮನೆಯಲ್ಲಿ ಇಂಗ್ಲಿಷ್ ಬಲ್ಲವನು. "ಏನಿಲ್ಲ ಅತ್ತಿ, ಸಲಾಯಿನ್ ಹಚ್ಚೂದು ಅಷ್ಟ" ಎಂದು ಹೇಳಿ ಸಹಿ ಮಾಡಿದೆ.

ಒಂದು ಗಂಟೆಯ ನಂತರ ಅದೇ ವೈದ್ಯರು ಮತ್ತೆ ಬಂದರು. ಮುಖ ಬೆವರಿತ್ತು. ಮೊದಲ ಎರಡು ಸಲ ಸೂಜಿ ರಕ್ತನಾಳಕ್ಕೆ ಸಿಗಲಿಲ್ಲ, ಮೂರನೆಯ ಸಲ ಸಿಕ್ಕಿತು, ಆದರೆ ಅಷ್ಟರಲ್ಲಿ ಪುಪ್ಪುಸಕ್ಕೆ ಸೂಜಿ ತಾಗಿ ಗಾಳಿ ಸೋರಿದೆ, ಈಗ ಎದೆಗೊಂದು ನಳಿಕೆ ಹಾಕಬೇಕು ಎಂದರು. ಇನ್ನೊಂದು ಕಾಗದ, ಇನ್ನೊಂದು ಸಹಿ. ಅತ್ತಿ ಈ ಸಲ ಏನನ್ನೂ ಕೇಳಲಿಲ್ಲ.

ಮಾವ ಬದುಕಿದ. ಆದರೆ ಎದೆಯ ನಳಿಕೆಯ ನೆಪದಲ್ಲಿ ಆಸ್ಪತ್ರೆಯ ವಾಸ ಬೆಳೆಯಿತು, ಬಿಲ್ಲೂ ಬೆಳೆಯಿತು. ನನ್ನನ್ನು ಬಹಳ ದಿನ ಕಾಡಿದ್ದು ಇವೆರಡೂ ಅಲ್ಲ, ಆ ಮೊದಲ ಕಾಗದ. ಅದರ ಎರಡನೆಯ ಪುಟದಲ್ಲಿ ಪುಪ್ಪುಸಕ್ಕೆ ತೂತು ಬೀಳುವ ಸಾಧ್ಯತೆಯನ್ನು ಸ್ಪಷ್ಟವಾಗಿ ಬರೆದಿದ್ದರು. ಬಿಡುಗಡೆಯ ದಿನ ಕಡತದಲ್ಲಿ ಅದನ್ನು ಓದಿದೆ. ಕೆಳಗೆ ನನ್ನದೇ ಸಹಿ. ಗೊತ್ತಿದ್ದ ಅಪಾಯವಾಗಿದ್ದರೆ, ಅದು ಯಾರಿಗೆ, ಯಾವಾಗಿನಿಂದ ಗೊತ್ತಿತ್ತು? ತಿಳಿದೂ ಅದು ಯಾಕೆ ನಡೆಯುತ್ತಲೇ ಇದೆ? ಆ ಪ್ರಶ್ನೆಗಳ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

*

ಮೊದಲು ಅತ್ತಿಯ ಭಯದ ಬಗ್ಗೆ ಒಂದು ಮಾತು. ನಮ್ಮ ಶಾಲೆಯ ಪುಸ್ತಕದಲ್ಲಿ 'ನರ' ಎಂದರೆ ಮೆದುಳಿನ ಸಂದೇಶ ಒಯ್ಯುವ ತಂತು. ರಕ್ತವನ್ನು ಹೃದಯಕ್ಕೆ ಮರಳಿ ತರುವುದು ಅಭಿಧಮನಿ, ಹೃದಯದಿಂದ ಒಯ್ಯುವುದು ಅಪಧಮನಿ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಿನಿಂದ ಹಿಡಿದು ದೊಡ್ಡ ಡಾಕ್ಟರರ ತನಕ ಎಲ್ಲರಿಗೂ ಎಲ್ಲವೂ ನರವೇ. "ನರ ಸಿಗವಲ್ದು" ಎಂದರೆ ಸಲಾಯಿನ್ ಹಚ್ಚಲು ರಕ್ತನಾಳ ಸಿಗುತ್ತಿಲ್ಲ ಎಂದರ್ಥ. ಪಾರ್ಶ್ವವಾಯು ಹೊಡೆದಾಗ "ನರ ಹೋಗೇದ" ಎನ್ನುವುದೂ ಅದೇ ಶಬ್ದದಿಂದ. ಕುತ್ತಿಗೆಯ ನರಕ್ಕೆ ಸೂಜಿ ಎಂದಾಗ ಅತ್ತಿ ಹೆದರಿದ್ದು ಅಜ್ಞಾನದಿಂದಲ್ಲ, ಒಂದೇ ಶಬ್ದಕ್ಕೆ ಎರಡು ಅರ್ಥ ಇದ್ದುದರಿಂದ. ಬಿಡಿಸಿ ಹೇಳಬೇಕಾದವನು ನಾನು. ಹೇಳಲಿಲ್ಲ.

ಕೈಯ ಸಣ್ಣ ರಕ್ತನಾಳ ಬಿಟ್ಟು ದೊಡ್ಡದಕ್ಕೇ ಯಾಕೆ ಹೋಗಬೇಕು? ಕಾರಣಗಳಿವೆ. ಬಿ.ಪಿ. ಏರಿಸುವ ಔಷಧಿಗಳು ಬಹಳ ತೀಕ್ಷ್ಣ. ಸಣ್ಣ ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ ಸತ್ತು ಕಪ್ಪಾಗಬಹುದು. ಹೃದಯದ ಬಾಗಿಲಲ್ಲಿರುವ ದೊಡ್ಡ ನಾಳದಲ್ಲಿ ರಕ್ತದ ಹರಿವು ಜೋರಾಗಿರುವುದರಿಂದ ಔಷಧಿ ತಕ್ಷಣ ಕರಗಿ ಹೋಗುತ್ತದೆ. ತುರ್ತು ಡಯಾಲಿಸಿಸ್‌ಗೂ, ಬಾಯಿಂದ ಉಣ್ಣಲಾಗದವರಿಗೆ ರಕ್ತದ ಮೂಲಕವೇ ಆಹಾರ ಕೊಡುವುದಕ್ಕೂ ಇದೇ ದಾರಿ. ಆ ನಾಳಗಳಿಗೆ ಹೋಗಲು ಮುಖ್ಯವಾಗಿ ಮೂರು ಬಾಗಿಲು: ಕುತ್ತಿಗೆಯ ಪಕ್ಕ, ಕೊರಳೆಲುಬಿನ ಕೆಳಗೆ, ತೊಡೆಯ ಸಂದು. ಮೂರೂ ಚರ್ಮದ ಆಳದಲ್ಲಿವೆ, ಮೂರೂ ಕಣ್ಣಿಗೆ ಕಾಣುವುದಿಲ್ಲ.

*

ಹೃದಯದ ತನಕ ನಳಿಕೆ ತೂರಿಸಬಹುದು ಎಂಬುದು ಮನುಷ್ಯರಿಗಿಂತ ಮೊದಲು ಕುದುರೆಗಳ ಮೇಲೆ ಗೊತ್ತಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞರು ಕುದುರೆಯ ಕುತ್ತಿಗೆಯ ನಾಳದಿಂದ ನಳಿಕೆ ಇಳಿಸಿ ಹೃದಯದ ಒತ್ತಡ ಅಳೆದರು. ಕುದುರೆ ಸಾಯಲಿಲ್ಲ. ಆ ಪ್ರಯೋಗದ ಚಿತ್ರವನ್ನು ಪಠ್ಯಪುಸ್ತಕದಲ್ಲಿ ನೋಡಿದ ಜರ್ಮನಿಯ ಒಬ್ಬ ಹುಡುಗನಿಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಅವನ ಹೆಸರು ವರ್ನರ್ ಫೋರ್ಸ್‌ಮನ್.

1929ರಲ್ಲಿ ಫೋರ್ಸ್‌ಮನ್ ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದ ವೈದ್ಯ. ವಯಸ್ಸು ಇಪ್ಪತ್ತೈದರ ಆಸುಪಾಸು. ಆಗಿನ ಕಾಲಕ್ಕೆ ಹೃದಯ ನಿಂತವರಿಗೆ ಎದೆಗೂಡಿನ ಮೂಲಕ ನೇರ ಹೃದಯಕ್ಕೇ ಸೂಜಿ ಚುಚ್ಚಿ ಔಷಧಿ ಕೊಡುತ್ತಿದ್ದರು. ಅದಕ್ಕಿಂತ ತೋಳಿನ ನಾಳದಿಂದ ನಳಿಕೆ ತೂರಿಸಿ ಹೃದಯ ತಲುಪುವುದು ಸುರಕ್ಷಿತ ಎಂಬುದು ಅವನ ವಾದ. ಮೇಲಧಿಕಾರಿ ಒಪ್ಪಲಿಲ್ಲ. ಶಸ್ತ್ರಚಿಕಿತ್ಸೆಯ ಉಪಕರಣಗಳ ಕೀಲಿ ಗೆರ್ಡಾ ಡಿಟ್ಜೆನ್ ಎಂಬ ನರ್ಸಿನ ಕೈಯಲ್ಲಿತ್ತು. ಆಕೆಗೆ ವಿಷಯ ವಿವರಿಸಿದಾಗ, ಪ್ರಯೋಗ ನನ್ನ ಮೇಲೆಯೇ ಆಗಲಿ ಎಂದು ಆಕೆ ಮುಂದೆ ಬಂದಳು. ಫೋರ್ಸ್‌ಮನ್ ಆಕೆಯನ್ನು ಮೇಜಿಗೆ ಕಟ್ಟಿದ. ಆಮೇಲೆ ಆಕೆಗೆ ಕಾಣದಂತೆ ತನ್ನ ಎಡತೋಳಿನ ನಾಳ ಬಿಡಿಸಿಕೊಂಡು ಮೂತ್ರನಾಳಕ್ಕೆ ಹಾಕುವ 65 ಸೆಂಟಿಮೀಟರ್ ಉದ್ದದ ನಳಿಕೆಯನ್ನು ಒಳಗೆ ತೂರಿಸಿದ. ಮೋಸವಾಯಿತೆಂದು ಆಕೆಗೆ ಗೊತ್ತಾದಾಗ ಕಟ್ಟು ಬಿಚ್ಚಿದ. ಇಬ್ಬರೂ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ಹೋದರು. ಪರದೆಯ ಮೇಲೆ ನೋಡಿಕೊಳ್ಳುತ್ತ ನಳಿಕೆಯನ್ನು ಇನ್ನಷ್ಟು ತಳ್ಳಿ, ತುದಿ ಹೃದಯದ ಬಲಗೋಣೆ ಮುಟ್ಟಿದ ಚಿತ್ರ ತೆಗೆಸಿಕೊಂಡ.

ಈ ಕಥೆಯನ್ನು ಸಾಮಾನ್ಯವಾಗಿ ಸಾಹಸದ ಕಥೆಯಾಗಿ ಹೇಳುತ್ತಾರೆ. ನಾನು ಮೊದಲ ಸಲ ಓದಿದಾಗ ನನಗೆ ಕಂಡದ್ದು ಮೇಜಿಗೆ ಕಟ್ಟಿಸಿಕೊಂಡ ಗೆರ್ಡಾ. ಆಕೆ ಒಪ್ಪಿದ್ದು ಒಂದಕ್ಕೆ, ನಡೆದದ್ದು ಇನ್ನೊಂದು. ಸೆಂಟ್ರಲ್ ಲೈನಿನ ಇತಿಹಾಸದ ಮೊದಲ ದಿನವೇ ಒಬ್ಬ ಯುವ ವೈದ್ಯನ ಅವಸರವಿದೆ, ಒಂದು ಅರ್ಧ ಸಮ್ಮತಿ ಇದೆ. ಅದರ ಜೊತೆಗೆ ಇನ್ನೊಂದು ಸಂಗತಿಯೂ ಇದೆ. ನಳಿಕೆ ಎಲ್ಲಿದೆ ಎಂದು ಅವನು ಊಹಿಸಲಿಲ್ಲ, ಪರದೆಯ ಮೇಲೆ ಕಣ್ಣಾರೆ ನೋಡಿದ. ಮುಂದೆ ಬಂದವರು ಬಹಳ ಕಾಲ ಆ ನೋಟವನ್ನು ಕೈಬಿಟ್ಟರು.

ಫೋರ್ಸ್‌ಮನ್‌ನ ಕೆಲಸಕ್ಕೆ ಆಗ ಮನ್ನಣೆ ಸಿಗಲಿಲ್ಲ. ದೊಡ್ಡ ಆಸ್ಪತ್ರೆಯಿಂದ ಹೊರಬಿದ್ದು ಮೂತ್ರಾಂಗದ ವೈದ್ಯನಾದ. ನಾಜಿ ಪಕ್ಷಕ್ಕೆ ಸೇರಿದ್ದೂ ಅವನ ಬದುಕಿನ ಭಾಗವೇ, ಅದನ್ನು ಮುಚ್ಚಿಡಬೇಕಿಲ್ಲ. ಅವನ ದಾರಿಯನ್ನು ಅಮೆರಿಕದಲ್ಲಿ ಮುಂದುವರಿಸಿದ ಕೂರ್ನಾನ್ ಮತ್ತು ರಿಚರ್ಡ್ಸ್ ಜೊತೆ 1956ರಲ್ಲಿ ಅವನಿಗೆ ನೊಬೆಲ್ ಬಂದಾಗ ಅವನು ಸಣ್ಣ ಊರೊಂದರಲ್ಲಿ ವೈದ್ಯ. ಅದೇ 1956ರ ನವೆಂಬರ್ 1ರಂದು ನಮ್ಮ ಕಡೆ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾಯಿತು. ನಮ್ಮ ಜನ ಕೆಎಂಸಿ ಎಂದೂ ಆಮೇಲೆ ಕಿಮ್ಸ್ ಎಂದೂ ಕರೆದ ಆಸ್ಪತ್ರೆ ಅದೇ.

*

ಈ ವಿದ್ಯೆ ಹಾಸಿಗೆಯ ಬದಿಗೆ ಬರಲು ಇನ್ನೆರಡು ಹೆಜ್ಜೆ ಬೇಕಾಗಿತ್ತು. ಒಂದು ಹೆಜ್ಜೆ ಇಟ್ಟವನು ಫ್ರೆಂಚ್ ಶಸ್ತ್ರವೈದ್ಯ ರೊಬೆರ್ ಒಬಾನ್ಯಾಕ್. ರಕ್ತ ಸುರಿದುಹೋದ ಗಾಯಾಳುವಿನ ಕೈಯ ನಾಳಗಳು ಚಪ್ಪಟೆಯಾಗಿಬಿಡುತ್ತವೆ, ಸೂಜಿಗೆ ಸಿಗುವುದಿಲ್ಲ. ಆದರೆ ಕೊರಳೆಲುಬಿನ ಕೆಳಗಿನ ದೊಡ್ಡ ನಾಳ ಸುತ್ತಲಿನ ಅಂಗಾಂಶಕ್ಕೆ ಬಿಗಿದುಕೊಂಡಿರುವುದರಿಂದ ರಕ್ತ ಕಡಿಮೆಯಾದರೂ ತೆರೆದೇ ಇರುತ್ತದೆ. ಅಲ್ಲಿಗೆ ಸೂಜಿ ಹಾಕುವ ದಾರಿಯನ್ನು ಅವನು 1952ರಲ್ಲಿ ಬರೆದ. ಎರಡನೆಯ ಹೆಜ್ಜೆ ಮರುವರ್ಷ ಸ್ಟಾಕ್‌ಹೋಮ್‌ನಿಂದ ಬಂತು. ಸ್ವೆನ್ ಇವಾರ್ ಸೆಲ್ಡಿಂಗರ್ ಎಂಬ ಎಕ್ಸ್‌ರೇ ವೈದ್ಯ ಅಪಧಮನಿಗಳ ಚಿತ್ರ ತೆಗೆಯಲು ಒಂದು ಸರಳ ಉಪಾಯ ಹುಡುಕಿದ. ಸಣ್ಣ ಸೂಜಿ ಚುಚ್ಚು, ಸೂಜಿಯೊಳಗಿಂದ ಬಳುಕುವ ತಂತಿ ಬಿಡು, ಸೂಜಿ ತೆಗೆ, ತಂತಿಯ ಮೇಲೆ ನಳಿಕೆ ಜಾರಿಸು, ಕೊನೆಗೆ ತಂತಿ ಎಳೆದುಕೋ.

ನನ್ನ ಮಾವ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಶಿಯನ್ ಆಗಿದ್ದವನು. ಈ ಉಪಾಯವನ್ನು ನಾನು ವಿವರಿಸಿದಾಗ ಅವನಿಗೆ ನನಗಿಂತ ಬೇಗ ತಿಳಿಯಿತು. "ಗ್ವಾಡಿಯೊಳಗಿನ ಪೈಪಿನ್ಯಾಗ ವೈರ್ ಎಳಿಯೂ ಮುಂದ ನಾವೂ ಮೊದಲ ಒಂದು ಗಟ್ಟಿ ತಂತಿ ಬಿಡ್ತೀವಿ. ಅದು ಹೊಕ್ಕಿತಂದ್ರ ಕೆಲಸ ಮುಗೀತು. ಆದ್ರ ನಮಗ ಪೈಪ್ ಎಲ್ಲಿ ಐತಿ ಅಂತ ಮೊದಲ ಗೊತ್ತಿರ್ತದ" ಎಂದ.

ಪೈಪು ಎಲ್ಲಿದೆ ಎಂದು ಗೊತ್ತಿರುವುದು. ಮುಂದಿನ ಅರ್ಧ ಶತಮಾನದ ತೊಂದರೆಯೆಲ್ಲ ಅಲ್ಲಿಯೇ ಇತ್ತು. ಸೆಲ್ಡಿಂಗರನ ತಂತಿ ಮತ್ತು ಒಬಾನ್ಯಾಕನ ದಾರಿ ಎರಡೂ ಕೂಡಿದ ಮೇಲೆ ಐಸಿಯುಗಳಲ್ಲಿ ಸೆಂಟ್ರಲ್ ಲೈನ್ ದಿನನಿತ್ಯದ ಕೆಲಸವಾಯಿತು. 1968ರ ಹೊತ್ತಿಗೆ ಫಿಲಡೆಲ್ಫಿಯಾದ ಸ್ಟಾನ್ಲಿ ಡುಡ್ರಿಕ್ ಮತ್ತು ಜೊತೆಗಾರರು, ನಾಯಿಮರಿಗಳನ್ನೂ ಆಮೇಲೆ ಮನುಷ್ಯರನ್ನೂ ಇದೇ ದಾರಿಯಿಂದ ಆಹಾರ ಕೊಟ್ಟು ಬೆಳೆಸಬಹುದೆಂದು ತೋರಿಸಿದ್ದರು. ಬಹಳ ಜೀವ ಉಳಿದವು. ಆದರೆ ಸೂಜಿ ಹಾಕುತ್ತಿದ್ದುದು ಎಲುಬನ್ನು, ಸ್ನಾಯುವನ್ನು ಬೆರಳಿನಿಂದ ಮುಟ್ಟಿ ನೋಡಿ, ಇಲ್ಲಿಯೇ ಇರಬೇಕು ಎಂಬ ಅಂದಾಜಿನ ಮೇಲೆ. ಎಲ್ಲರ ದೇಹವೂ ಪುಸ್ತಕದ ಚಿತ್ರದ ಹಾಗೆ ಇರುವುದಿಲ್ಲ.

ಅಂದಾಜು ತಪ್ಪಿದರೆ ಏನಾಗುತ್ತದೆ? ಕೊರಳೆಲುಬಿನ ಕೆಳಗಿನ ನಾಳದ ಹಿಂದೆಯೇ ಪುಪ್ಪುಸದ ತುದಿ ಇದೆ. ಸೂಜಿ ಸ್ವಲ್ಪ ಆಳ ಹೋದರೆ ಅದಕ್ಕೆ ತಾಗುತ್ತದೆ. ಗಾಳಿ ಎದೆಗೂಡಿನೊಳಗೆ ಸೋರಿ ಪುಪ್ಪುಸ ಕುಗ್ಗುತ್ತದೆ. ಮಾವನಿಗೆ ಆದದ್ದು ಅದು. ಕುತ್ತಿಗೆಯಲ್ಲಾದರೆ ಅಭಿಧಮನಿಯ ಪಕ್ಕಕ್ಕೇ ಮೆದುಳಿಗೆ ರಕ್ತ ಒಯ್ಯುವ ಅಪಧಮನಿ. ಅದಕ್ಕೆ ಚುಚ್ಚಿದರೆ ರಕ್ತ ಕೆಂಪಗೆ ಚಿಮ್ಮುತ್ತದೆ. ಆಗಲೇ ಗುರುತಿಸಿ ಸೂಜಿ ತೆಗೆದು ಒತ್ತಿ ಹಿಡಿದರೆ ಹೆಚ್ಚಿನವರಿಗೆ ಬಾವಷ್ಟೇ. ಗುರುತಿಸದೆ ದಪ್ಪ ನಳಿಕೆಯನ್ನೇ ಹಾಕಿಬಿಟ್ಟರೆ ಪ್ರಾಣಕ್ಕೆ ಕುತ್ತು. ತಂತಿ ಹೆಚ್ಚು ಒಳಹೋಗಿ ಹೃದಯದ ಗೋಡೆ ಮುಟ್ಟಿದರೆ ಬಡಿತ ತಪ್ಪುತ್ತದೆ, ಅದಕ್ಕೇ ಮಾನಿಟರಿನ ಮೇಲೆ ಕಣ್ಣಿಡಬೇಕು. ಉಸಿರೆಳೆದಾಗ ತೆರೆದ ಸೂಜಿಯಿಂದ ಗಾಳಿ ರಕ್ತಕ್ಕೆ ನುಗ್ಗಬಹುದು. "ನನ್ನ ತಲಿ ಕೆಳಗ, ಕಾಲು ಮ್ಯಾಲ ಮಾಡಿದ್ರು, ಯಾಕಂತ ಯಾರೂ ಹೇಳ್ಲಿಲ್ಲ" ಎಂದು ಮಾವ ಹೇಳುತ್ತಿದ್ದ. ಗಾಳಿ ಒಳಹೋಗದಿರಲಿ, ನಾಳ ಉಬ್ಬಿ ನಿಲ್ಲಲಿ ಎಂದೇ ಹಾಗೆ ಮಲಗಿಸುವುದು. ತಂತಿಯ ಹೊರತುದಿಯನ್ನು ಕೈಬಿಟ್ಟರೆ ತಂತಿಯೇ ಮೈಯೊಳಗೆ ಜಾರಿಹೋಗಬಹುದು. ನಳಿಕೆ ಕೆಳಗೆ ಹೃದಯದ ಕಡೆ ಇಳಿಯುವ ಬದಲು ಮೇಲೆ ಕುತ್ತಿಗೆಗೆ ಏರಿ ಕೂಡಬಹುದು, ಲೈನ್ ಹಾಕಿದ ಮೇಲೆ ಎಕ್ಸ್‌ರೇ ತೆಗೆಯುವುದಕ್ಕೆ ಅದೂ ಒಂದು ಕಾರಣ. ಇವೆಲ್ಲ ಆ ಗಳಿಗೆಯ ತೊಡಕುಗಳು. ನಂತರದ ದಿನಗಳಲ್ಲಿ ನಳಿಕೆಯ ಸುತ್ತ ರಕ್ತ ಹೆಪ್ಪುಗಟ್ಟುವುದು, ಸೋಂಕು ಹತ್ತುವುದು ಬೇರೆ.

*

ಈ ಪಟ್ಟಿಯನ್ನು ಓದುತ್ತ ನನಗೆ ಬಹಳ ಹಳೆಯ ಇನ್ನೊಂದು ಪಟ್ಟಿ ನೆನಪಾಯಿತು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸಿರಾವ್ಯಧ, ಅಂದರೆ ರಕ್ತ ತೆಗೆಯಲು ನಾಳ ಚುಚ್ಚುವ ವಿಧಾನ, ಒಂದು ಇಡೀ ಅಧ್ಯಾಯ. ಅಲ್ಲಿ ಕೆಟ್ಟ ಚುಚ್ಚುವಿಕೆಯ ಇಪ್ಪತ್ತು ಬಗೆಗಳನ್ನು ಹೆಸರಿಟ್ಟು ಎಣಿಸಿದ್ದಾರೆ. ಹೆಚ್ಚು ಆಳಕ್ಕೆ ಹೋದದ್ದು ಅತಿವಿದ್ಧ. ಅಡ್ಡಡ್ಡ ಹೋದದ್ದು ತಿರ್ಯಗ್ವಿದ್ಧ. ಮತ್ತೆ ಮತ್ತೆ ಚುಚ್ಚಿದ್ದು ಪುನಃಪುನರ್ವಿದ್ಧ. ಇದು ಮೇಲುಮೇಲಿನ ನಾಳಗಳ ಮಾತು, ಹೃದಯದ ಬಳಿಯ ನಾಳಕ್ಕೂ ಇದಕ್ಕೂ ಸಂಬಂಧವಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಹೇಳಲು ನಾನು ಇದನ್ನು ತರುತ್ತಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ: ಆ ಪಟ್ಟಿ ಬರೆದವರು ತಪ್ಪನ್ನು ವಿಧಿಯ ಮೇಲೂ ರೋಗಿಯ ಮೇಲೂ ಹಾಕಲಿಲ್ಲ. ಕೈ ತಪ್ಪುತ್ತದೆ ಎಂದು ಒಪ್ಪಿ, ಹೇಗೆ ಹೇಗೆ ತಪ್ಪುತ್ತದೆ ಎಂದು ಎಣಿಸಿದರು. ಅದೇ ಗ್ರಂಥ ಇನ್ನೊಂದು ಕಡೆ, ಶಿಷ್ಯರು ಜೀವಂತ ರೋಗಿಯನ್ನು ಮುಟ್ಟುವ ಮೊದಲು ಸತ್ತ ಪ್ರಾಣಿಗಳ ನಾಳದ ಮೇಲೆ, ನೈದಿಲೆಯ ದಂಟಿನ ಮೇಲೆ ಚುಚ್ಚಿ ಕಲಿಯಬೇಕು ಎನ್ನುತ್ತದೆ.

ಆಧುನಿಕ ವೈದ್ಯಕೀಯವೂ ಸುಧಾರಿಸಿದ್ದು ಹೀಗೆ ಕೂತು ಎಣಿಸಿದಾಗಲೇ. 1994ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ವೈದ್ಯರು ಕೊರಳೆಲುಬಿನ ಕೆಳಗೆ ಲೈನ್ ಹಾಕಿಸಿಕೊಂಡ 821 ರೋಗಿಗಳ ಲೆಕ್ಕ ಪ್ರಕಟಿಸಿದರು. ತೊಡಕಿನ ಎಲ್ಲಕ್ಕಿಂತ ದೊಡ್ಡ ಮುನ್ಸೂಚನೆ ಪ್ರಯತ್ನ ವಿಫಲವಾಗುವುದು ಎಂದು ಕಂಡಿತು. 2003ರಲ್ಲಿ ಮೆಗೀ ಮತ್ತು ಗೌಲ್ಡ್ ಎಂಬಿಬ್ಬರು ಅದುವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಸೆಂಟ್ರಲ್ ಲೈನ್ ಹಾಕಿಸಿಕೊಂಡ ನೂರರಲ್ಲಿ ಹದಿನೈದಕ್ಕೂ ಹೆಚ್ಚು ಜನರಿಗೆ ಒಂದಿಲ್ಲೊಂದು ತೊಡಕು. ಸೂಜಿಯ ಗಾಯದ ತೊಡಕುಗಳು ಬೇರೆ ಬೇರೆ ಕಡೆ ಶೇಕಡಾ 5ರಿಂದ 19ರವರೆಗೆ. ಐವತ್ತು ಅಥವಾ ಹೆಚ್ಚು ಲೈನ್ ಹಾಕಿದ ಕೈಯಿಂದ ಆಗುವ ತೊಡಕು, ಅಷ್ಟು ಹಾಕದ ಕೈಯಿಂದ ಆಗುವುದರ ಅರ್ಧ. ಮೂರು ಅಥವಾ ಹೆಚ್ಚು ಸಲ ಚುಚ್ಚಿದರೆ ತೊಡಕು ಒಂದೇ ಸಲ ಚುಚ್ಚಿದಾಗಿನ ಆರು ಪಟ್ಟು.

ಮಾವನ ಮೂರನೆಯ ಸೂಜಿಯ ಅರ್ಥ ನನಗೆ ಆದದ್ದು ಈ ಅಂಕಿ ಓದಿದಾಗ. ಮಾವನ ಯಾವ ಸೂಜಿ ಪುಪ್ಪುಸಕ್ಕೆ ತಾಗಿತೋ ಯಾರಿಗೂ ಗೊತ್ತಿಲ್ಲ. ಆದರೆ ಎರಡು ಸಲ ಸಿಗದಿದ್ದಾಗ ಕೈ ನಿಲ್ಲಿಸಿ ಹಿರಿಯರನ್ನು ಕರೆಯಬೇಕು ಎಂಬುದು ಯಾವ ದೊಡ್ಡ ಯಂತ್ರವೂ ಬೇಡದ ಪಾಠ. ಪುನಃಪುನರ್ವಿದ್ಧ ಎಂದು ಹೆಸರಿಟ್ಟವರಿಗೂ ಅದು ಗೊತ್ತಿದ್ದಿರಬೇಕು.

*

ಎಣಿಕೆಯ ಜೊತೆಗೆ ಬಂದದ್ದು ಕಣ್ಣು. ಹೊಟ್ಟೆಯೊಳಗಿನ ಮಗುವನ್ನು ತೋರಿಸುವ ಅಲ್ಟ್ರಾಸೌಂಡ್ ಚರ್ಮದಡಿಯ ರಕ್ತನಾಳವನ್ನೂ ತೋರಿಸುತ್ತದೆ. ಒತ್ತಿದರೆ ಅಭಿಧಮನಿ ಚಪ್ಪಟೆಯಾಗುತ್ತದೆ, ಅಪಧಮನಿ ಬಡಿಯುತ್ತಲೇ ಇರುತ್ತದೆ. ಸೂಜಿಯ ತುದಿ ಒಳಗೆ ಹೋಗುವುದನ್ನೂ ನೋಡಬಹುದು. 2002ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಕುತ್ತಿಗೆಯ ಲೈನಿಗೆ ಅಲ್ಟ್ರಾಸೌಂಡನ್ನೇ ಶಿಫಾರಸು ಮಾಡಿತು. 2006ರಲ್ಲಿ ಗ್ರೀಸಿನ ವೈದ್ಯರು 900 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಅಂದಾಜಿನಿಂದ ಸೂಜಿ ಹಾಕಿದವರಲ್ಲಿ ಶೇಕಡಾ 10.6 ಜನರಿಗೆ ಅಪಧಮನಿಗೆ ಚುಚ್ಚು ಬಿದ್ದಿತ್ತು, ನೋಡಿ ಹಾಕಿದವರಲ್ಲಿ 1.1. ಪುಪ್ಪುಸದ ತೂತು ಅಂದಾಜಿನ ಗುಂಪಿನಲ್ಲಿ ಶೇಕಡಾ 2.4, ನೋಡಿದ ಗುಂಪಿನಲ್ಲಿ ಒಂದೂ ಇಲ್ಲ. 1929ರಲ್ಲಿ ಫೋರ್ಸ್‌ಮನ್ ಎಕ್ಸ್‌ರೇ ಪರದೆಯ ಮುಂದೆ ಮಾಡಿದ್ದಕ್ಕೆ, ಕಣ್ಣಿಟ್ಟು ನಳಿಕೆ ತಳ್ಳುವುದಕ್ಕೆ, ನಾವು ಮರಳಿ ಬರಲು ಎಪ್ಪತ್ತು ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ ಈ ಕಣ್ಣಿಗೆ ಇನ್ನೊಂದು ಅಡ್ಡಿ ಇತ್ತು. ಹೆಣ್ಣುಭ್ರೂಣ ಹತ್ಯೆ ತಡೆಯಲು ಬಂದ 1994ರ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಿರಬೇಕು, ಒಯ್ಯುವ ಸಣ್ಣ ಯಂತ್ರಗಳ ಮೇಲಂತೂ ಇನ್ನೂ ಕಟ್ಟುನಿಟ್ಟು. ಕಾಯ್ದೆ ಬೇಕಾದದ್ದೇ, ಅದರ ಕಾರಣ ನಮ್ಮ ಸಮಾಜದ ನಾಚಿಕೆ. ಆದರೆ ಯಂತ್ರವನ್ನು ಐಸಿಯುವಿನ ಮಂಚದ ಬಳಿಗೆ ತರುವುದು ಬೇರೆ ದೇಶಗಳಲ್ಲಿದ್ದಷ್ಟು ಸಲೀಸಾಗಿರಲಿಲ್ಲ. ಮಾವ ಇದ್ದ ಆಸ್ಪತ್ರೆಯಲ್ಲಿ ಯಂತ್ರ ಇತ್ತು, ಕೆಳಗಿನ ಮಹಡಿಯಲ್ಲಿ. ರಾತ್ರಿ ಆ ಕೋಣೆಗೆ ಕೀಲಿ ಹಾಕಿತ್ತು. ಹೆಣ್ಣು ಮಗುವನ್ನು ಬೇಡವೆನ್ನುವ ನಮ್ಮ ಹಳೆಯ ರೋಗಕ್ಕೂ ಮಾವನ ಪುಪ್ಪುಸಕ್ಕೂ ಇಂಥದೊಂದು ನಂಟು ಇರಬಹುದೆಂದು ನಾನು ಎಣಿಸಿರಲಿಲ್ಲ.

ಯಾವ ಬಾಗಿಲೂ ಪೂರ್ತಿ ಸುರಕ್ಷಿತವಲ್ಲ ಎಂಬುದನ್ನೂ ಎಣಿಕೆಯೇ ಹೇಳಿತು. 2015ರಲ್ಲಿ ಫ್ರಾನ್ಸಿನ ಹತ್ತು ಐಸಿಯುಗಳಲ್ಲಿ 3027 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಕೊರಳೆಲುಬಿನ ದಾರಿಯಲ್ಲಿ ಸೋಂಕು ಮತ್ತು ಹೆಪ್ಪು ಕಡಿಮೆ, ಆದರೆ ಎದೆಗೆ ನಳಿಕೆ ಹಾಕಬೇಕಾದಷ್ಟು ಗಾಳಿ ಸೋರಿಕೆ ಶೇಕಡಾ 1.5. ಕುತ್ತಿಗೆಯಲ್ಲಿ ಅದು 0.5. ಒಂದು ಅಪಾಯ ಇಳಿಸಿದರೆ ಇನ್ನೊಂದು ಏರುತ್ತದೆ. ಯಾವುದನ್ನು ಆರಿಸುವುದು ಎಂಬುದು ರೋಗಿಯನ್ನು ನೋಡಿ ತೀರ್ಮಾನಿಸಬೇಕಾದ ಮಾತು.

ಸೋಂಕಿನ ಕಥೆಯಲ್ಲಿಯೂ ಗೆದ್ದದ್ದು ಸಾಧಾರಣ ಸಂಗತಿಗಳೇ. 2006ರಲ್ಲಿ ಪೀಟರ್ ಪ್ರೊನೊವೋಸ್ಟ್ ಮತ್ತು ಜೊತೆಗಾರರು ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳ ಫಲಿತಾಂಶ ಪ್ರಕಟಿಸಿದರು. ಅವರು ಮಾಡಿಸಿದ್ದು ಐದೇ ಕೆಲಸ: ಕೈ ತೊಳೆಯುವುದು, ರೋಗಿಯ ಮೈತುಂಬ ಶುದ್ಧ ಬಟ್ಟೆ ಹೊದಿಸಿ ವೈದ್ಯರು ಗೌನು, ಟೋಪಿ, ಮಾಸ್ಕು, ಕೈಗವಸು ಹಾಕುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ಆದಷ್ಟು ತೊಡೆಯ ದಾರಿ ಬಿಡುವುದು, ಬೇಡವಾದ ದಿನವೇ ಲೈನ್ ತೆಗೆಯುವುದು. ಒಂದು ಹೆಜ್ಜೆ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರ ನರ್ಸಿಗೆ. ಸಾವಿರ ಲೈನ್-ದಿನಗಳಿಗೆ 2.7 ಇದ್ದ ಸೋಂಕಿನ ಮಧ್ಯಮ ಪ್ರಮಾಣ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು. ಸುಮಾರು ಅದೇ ಕಾಲಕ್ಕೆ, 2007ರಲ್ಲಿ ಪ್ರಕಟವಾದ ಭಾರತದ ಏಳು ನಗರಗಳ ಐಸಿಯುಗಳ ಲೆಕ್ಕದಲ್ಲಿ ಆ ಪ್ರಮಾಣ ಸಾವಿರ ಲೈನ್-ದಿನಗಳಿಗೆ 7.92. ಈ ಅಂತರ ತುಂಬಲು ಬೇಕಾದದ್ದರಲ್ಲಿ ಸಾಬೂನೂ ಇದೆ, ಹಿರಿಯ ವೈದ್ಯರಿಗೆ "ತಡೀರಿ ಸರ್" ಎನ್ನಬಲ್ಲ ನರ್ಸೂ ಇದ್ದಾಳೆ. ಸಾಬೂನು ತರುವುದು ಸುಲಭ.

*

ಇಷ್ಟೆಲ್ಲ ಓದಿದ ಮೇಲೆ ಆ ಯುವ ವೈದ್ಯರ ಮೇಲೆ ನನಗಿದ್ದ ಸಿಟ್ಟು ಇಳಿಯಿತು. ಅತುಲ್ ಗವಾಂಡೆ ಎಂಬ ಶಸ್ತ್ರವೈದ್ಯರ 'ಕಾಂಪ್ಲಿಕೇಶನ್ಸ್' ಎಂಬ ಪುಸ್ತಕದಲ್ಲಿ, ಕಲಿಕೆಯ ದಿನಗಳಲ್ಲಿ ತಾವು ಸೆಂಟ್ರಲ್ ಲೈನ್ ಹಾಕಲು ಪಟ್ಟ ಪಾಡಿನ ಕಥೆ ಇದೆ. ಐವತ್ತು ಲೈನ್ ಹಾಕಿದ ಕೈ ಒಳ್ಳೆಯದು, ನಿಜ. ಆದರೆ ಆ ಕೈ ಮೊದಲ ಲೈನನ್ನೂ ಯಾರದೋ ಮೈಮೇಲೆ ಹಾಕಿರಲೇಬೇಕು. ಆ ಯಾರೋ ಬಹುತೇಕ ಸಲ ಪ್ರಶ್ನೆ ಕೇಳದವರು: ಸರ್ಕಾರಿ ವಾರ್ಡಿನವರು, ಇಂಗ್ಲಿಷ್ ಬಾರದವರು, ರಾತ್ರಿ ಪಾಳಿಯಲ್ಲಿ ಬಂದವರು. ನಾಳೆಯ ರೋಗಿಗಳಿಗೆ ಒಳ್ಳೆಯ ಕೈ ಸಿಗಲಿ ಎಂದು ಇಂದಿನ ರೋಗಿ ತನಗೆ ಗೊತ್ತಿಲ್ಲದೆ ಕೊಡುವ ದಾನ ಅದು. ಗೊತ್ತಿದ್ದು ಕೊಡುವಂತಾಗಬೇಕು, ಅಷ್ಟೇ ನನ್ನ ವಾದ.

ಕಾನೂನು ಕೂಡ ಹಾಗೇ ಹೇಳುತ್ತದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚಿಕಿತ್ಸೆ ಏನು, ಅದರ ಅಪಾಯಗಳೇನು, ಬೇರೆ ದಾರಿ ಇದೆಯೇ ಎಂಬುದನ್ನು ರೋಗಿಗೆ ಸಾಕಷ್ಟು ತಿಳಿಸಿದರೆ ಮಾತ್ರ ಅದು ಸಮ್ಮತಿ ಎಂದಿತು. ಪ್ರಾಣಾಪಾಯದ ತುರ್ತು ಇಲ್ಲದಾಗ, ವಯಸ್ಕ ರೋಗಿ ತಾನೇ ಹೇಳಬಲ್ಲವನಾಗಿದ್ದರೆ, ಮನೆಯವರ ಸಹಿ ಅವನ ಸಹಿಯ ಬದಲಾಗುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ಮಾವನದು ತುರ್ತೇ ಆಗಿತ್ತು. ಆದರೂ ಅವನಿಗೆ ಪೂರ್ತಿ ಎಚ್ಚರ ತಪ್ಪಿರಲಿಲ್ಲ. ಒಂದು ನಿಮಿಷ ಅವನ ಕಿವಿಯ ಬಳಿ ಕನ್ನಡದಲ್ಲಿ ಹೇಳಬಹುದಿತ್ತು. ವೈದ್ಯರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆದರೆ ಆ ವೈದ್ಯರು ಒಂದು ಕೆಲಸ ಮಾಡಿದ್ದರು, ಅದನ್ನು ಬರೆಯದಿದ್ದರೆ ಅನ್ಯಾಯ. ಮೂರನೆಯ ದಿನ ಮಾವನಿಗೆ ಮಾತು ಬಂದಾಗ ಅವರು ಮಂಚದ ಬಳಿ ಕುರ್ಚಿ ಎಳೆದುಕೊಂಡು ಕುಳಿತರು. ಮಾವ ನೀರಿನ ಬಾಟಲಿಯಲ್ಲಿ ಮುಳುಗಿದ್ದ ನಳಿಕೆಯ ತುದಿಯಿಂದ ಏಳುವ ಗುಳ್ಳೆಗಳನ್ನೇ ನೋಡುತ್ತಿದ್ದ. "ಅಜ್ಜಾರ, ಇದು ನನ್ನ ಕೈಯಿಂದ ಆತ್ರಿ. ಸೂಜಿ ನಿಮ್ಮ ಪುಪ್ಪುಸಕ್ಕ ತಾಗಿತು. ಗುಳ್ಳಿ ಬರೂದು ನಿಂತ ಮ್ಯಾಲ ಪೈಪ್ ತಗೀತೀವಿ" ಎಂದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟ್ನೇ ಸಲ ಹಾಕಿದ್ರಿ ಇಂಥಾದ್ದು?" ಎಂದು ಕೇಳಿದ. "ಏಳನೇದ್ರಿ." "ಹೂಂ. ನಾನೂ ಕಲಿಯೂ ಮುಂದ ಎರಡು ಮೋಟಾರ್ ಸುಟ್ಟೀನಿ. ಆದ್ರ ಮಾಲಕಗ ಹೇಳಿದ್ದೆ."

ಮಾವ ಆಮೇಲೆ ಆರು ವರ್ಷ ಬದುಕಿದ್ದ, ಹೋದದ್ದು ಬೇರೆ ಕಾರಣಕ್ಕೆ. ನನ್ನ ಮೇಲೆ ಮಾತ್ರ ಅವನಿಗೊಂದು ಸಣ್ಣ ಮುನಿಸು ಉಳಿದಿತ್ತು. "ಅಂವಾ ಹೇಳಿದ. ನೀ ಯಾಕ ಹೇಳ್ಲಿಲ್ಲ, ಅಳ್ಯಾ?" ಎಂದು ಒಂದೆರಡು ಸಲ ಕೇಳಿದ್ದ. ಉತ್ತರ ನನ್ನ ಹತ್ತಿರ ಇರಲಿಲ್ಲ.

ಈಗ ನಾನು ಲಕಮನಹಳ್ಳಿಯಲ್ಲಿ ಮಾವನ ಮನೆಯ ಓಣಿಯಲ್ಲೇ ಇದ್ದೇನೆ. ಇಲ್ಲಿಂದ ಚಿಗರಿ ಬಸ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಸತ್ತೂರಿನ ದೊಡ್ಡ ಆಸ್ಪತ್ರೆ, ಹಾಗೇ ಮುಂದೆ ಹೋದರೆ ಹುಬ್ಬಳ್ಳಿಯ ಕಿಮ್ಸ್. ಓಣಿಯಲ್ಲಿ ಯಾರಿಗಾದರೂ ಜೋರಾದರೆ ಇಂಗ್ಲಿಷ್ ಕಾಗದ ಓದಲು ನನ್ನನ್ನೂ ಕರೆದುಕೊಂಡು ಹೋಗುತ್ತಾರೆ. ಹೋದ ವರ್ಷ ಪಕ್ಕದ ಮನೆಯ ಅಕ್ಕನಿಗೆ ತುರ್ತು ಡಯಾಲಿಸಿಸ್ ಬೇಕಾಗಿ ಕುತ್ತಿಗೆಗೆ ಲೈನ್ ಹಾಕಬೇಕೆಂದರು. ನಾನು ಕಾಗದ ಪೂರ್ತಿ ಓದಿದೆ. ಆಮೇಲೆ ನಾಲ್ಕು ಪ್ರಶ್ನೆ ಕೇಳಿದೆ: ಹಾಕುವವರು ಯಾರು? ಮಷಿನಿನಲ್ಲಿ ನೋಡಿ ಹಾಕುತ್ತೀರಾ? ಎರಡು ಸಲ ಸಿಗದಿದ್ದರೆ ಯಾರನ್ನು ಕರೆಯುತ್ತೀರಿ? ಯಾವಾಗ ತೆಗೆಯುತ್ತೀರಿ? ವೈದ್ಯೆ ಬೇಸರಪಟ್ಟುಕೊಳ್ಳಲಿಲ್ಲ. ಕಾಗದದ ಹಿಂಬದಿಯಲ್ಲಿ ಕುತ್ತಿಗೆಯ ಚಿತ್ರ ಬರೆದು, ಇದು ರಕ್ತದ ನಳಿಕೆ, ಇದು ಕೈಕಾಲಿನ ನರ ಅಲ್ಲ ಎಂದು ಅಕ್ಕನಿಗೇ ತೋರಿಸಿದರು. ಅಕ್ಕ ಚಿತ್ರವನ್ನು ಎರಡು ಸಲ ನೋಡಿದಳು. ಪೆನ್ನು ನನ್ನ ಕಡೆ ಬಂದಾಗ ನಾನು ಅದನ್ನು ಅವಳ ಕೈಗೆ ಕೊಟ್ಟೆ.